ಅಪ್ಪ ಹಿಡಿದ ಹಗ್ಗ

ಚಪಾತಿ ಹಿಟ್ಟು ಕಲಸುವ ಮೊದಲು ಸೋಪು ಹಚ್ಚಿ ಕೈ ತೊಳೆದೆ, ಸಾಲದೆಂದು ಇನ್ನೊಮ್ಮೆ ತೊಳೆದೆ. ಆದರೂ ಉಗುರಿನ ಸಂದಿಯಲ್ಲಿ ಬಿಳಿ ಪುಡಿ ಹಾಗೇ ಉಳಿದಿದೆ. ನೋಡಿದವರು ಏನೂ ಅಂದುಕೊಳ್ಳುವುದಿಲ್ಲ ಬಿಡಿ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಸೀಮೆಸುಣ್ಣ ನನ್ನ ಬೆರಳು ಬಿಟ್ಟು ಹೋದದ್ದೇ ಇಲ್ಲ. ಮದುವೆಯ ಫೋಟೋದಲ್ಲಿ ಮದರಂಗಿಯ ನಡುವೆಯೂ ಅದು ಇಣುಕುತ್ತಿದೆ ಎಂದು ನಮ್ಮ ಮನೆಯವರು ಈಗಲೂ ತಮಾಷೆ ಮಾಡುತ್ತಾರೆ. ಆದರೆ ಇದು ಆ ಸುಣ್ಣವಲ್ಲ. ಇದಕ್ಕೆ ಹೊಸದಾಗಿ ಬಳಿದ ಗೋಡೆಯ ಒಣ ವಾಸನೆ ಇದೆ. ಆ ವಾಸನೆ ಮೂಗಿಗೆ ಬಡಿದರೆ ಅಡುಗೆಮನೆಯ ನೆಲದ ಮೇಲೆ ನಿಂತಿದ್ದರೂ ನನ್ನ ಅಂಗಾಲು ಜುಮ್ಮೆನ್ನುತ್ತದೆ.

ಇದು ಗೋಡೆ ಹತ್ತುವವರ ಪುಡಿ. ಅಂಗೈಯ ಬೆವರು ಹೀರಿ ಹಿಡಿತ ಕೊಡುತ್ತದೆ. ಶಿರಸಿಯಿಂದ ಎಕ್ಕಂಬಿ ಕಡೆಗೆ ಹೋಗುವ ರಸ್ತೆಯಲ್ಲಿ ಬಹಳ ಕಾಲದಿಂದ ಬಾಗಿಲು ಹಾಕಿಕೊಂಡಿದ್ದ ಒಂದು ಅಕ್ಕಿ ಗಿರಣಿ ಇತ್ತು. ಈಗ ಅದರೊಳಗೆ ನೆಲದಿಂದ ಮಾಡಿನವರೆಗೆ ಹಲಗೆಯ ಗೋಡೆ ಎಬ್ಬಿಸಿ, ಅದರ ತುಂಬ ಬಣ್ಣ ಬಣ್ಣದ ಪ್ಲಾಸ್ಟಿಕ್ ಹಿಡಿಕೆಗಳನ್ನು ಬಿಗಿದಿದ್ದಾರೆ. ಒಂದೊಂದು ಬಣ್ಣ ಒಂದೊಂದು ದಾರಿ. ಹಸಿರು ಹಿಡಿದು ಹೊರಟವರು ಹಸಿರನ್ನೇ ಹಿಡಿದು ಮೇಲೆ ಹೋಗಬೇಕು, ಪಕ್ಕದ ಕೆಂಪಿಗೆ ಕೈ ಹಾಕಿದರೆ ಲೆಕ್ಕಕ್ಕಿಲ್ಲ. ತುದಿಯಲ್ಲಿ ಒಂದು ಹಿತ್ತಾಳೆಯ ಗಂಟೆ ತೂಗುತ್ತಿರುತ್ತದೆ. ಹತ್ತಿ ಮುಗಿಸಿದವರು ಅದನ್ನು ಬಾರಿಸಿ, ಎರಡೂ ಕೈ ಬಿಟ್ಟು, ಸೊಂಟಕ್ಕೆ ಕಟ್ಟಿದ ಹಗ್ಗದ ಮೇಲೆ ಭಾರ ಹಾಕಿ ಕೆಳಗಿಳಿಯಬೇಕು.

ನಾನು ಅಲ್ಲಿಗೆ ಹೋದದ್ದು ಎಂಟನೇ ಕ್ಲಾಸಿನ ಮಕ್ಕಳನ್ನು ಕಾಯುವುದಕ್ಕೆ. ಶಾಲೆಯಿಂದ ಒಂದು ಶನಿವಾರ ಕರೆದುಕೊಂಡು ಹೋಗಿದ್ದೆವು. ನನ್ನ ಕ್ಲಾಸಿನಲ್ಲಿ ಭಿನ್ನರಾಶಿ ಕಂಡರೆ ಬೆವರುವ ಮಕ್ಕಳು ಅಲ್ಲಿ ಓತಿಕ್ಯಾತಗಳ ಹಾಗೆ ಗೋಡೆಗೆ ಅಂಟಿಕೊಂಡು ಸರಸರ ಮೇಲೆ ಹೋದರು. ಆಮೇಲೆ ಕೆಳಗಿಳಿದು, "ಟೀಚರ್, ಈಗ ನೀವು ಹತ್ತಿ" ಎಂದು ಶುರುಮಾಡಿದರು. ಐವತ್ತರ ಹೊಸ್ತಿಲಲ್ಲಿರುವ, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುವ ಹೆಂಗಸನ್ನು ಹೀಗೆಲ್ಲ ಕೆಣಕಬಾರದು. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಹತ್ತಿಯೇ ಬಿಟ್ಟೆ. ಅರ್ಧಕ್ಕೆ ಹೋಗಿ ನಿಂತೆ, ನಿಜ. ಆದರೆ ಅಲ್ಲಿ ನಿಂತಾಗ ಎದೆಯೊಳಗೆ ಏನೋ ಒಂದು, ಮರೆತೇಹೋಗಿದ್ದ ಒಂದು, ಎದ್ದು ಕೂತ ಹಾಗಾಯಿತು. ಮುಂದಿನ ಭಾನುವಾರ ಒಬ್ಬಳೇ ಹೋದೆ. ಅದರ ಮುಂದಿನ ಭಾನುವಾರವೂ ಹೋದೆ. "ಎಂತದೋ ಒಂದು ಹುಚ್ಚು" ಎಂದು ಮನೆಯವರು ಪೇಪರಿನ ಹಿಂದಿನಿಂದಲೇ ಹೇಳಿದರು.

ಅಲ್ಲಿ ಕಲಿಸುವವಳು ಸಹನಾ ಎಂಬ ಹುಡುಗಿ. ಮುಂಡಗೋಡದ ಕಡೆಯವಳು, ಬಾದಾಮಿಯ ಬಂಡೆಗಳ ಮೇಲೆ ಹತ್ತಿ ಪಳಗಿದವಳು. ಸುಲಭದ ದಾರಿಗಳೆಲ್ಲ ನನಗೆ ಒಂದೊಂದಾಗಿ ಒಲಿದವು. ಉಳಿದದ್ದು ಹಳದಿ. ಆ ಹಳದಿ ದಾರಿ ಮೇಲೆ ಹೋಗುತ್ತಾ ಹೋಗುತ್ತಾ ನಮ್ಮ ಕಡೆಗೇ ಬಾಗುತ್ತದೆ. ಕೊನೆಯ ಹಿಡಿಕೆ ಕೈಗೆ ಎಟುಕುವುದಿಲ್ಲ. ಕಾಲು ಒತ್ತಿ, ಇದ್ದ ಹಿಡಿತ ಬಿಟ್ಟು, ಅದಕ್ಕೆ ನೆಗೆಯಬೇಕು. ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಹಗ್ಗದಲ್ಲಿ ತೂಗಬೇಕು. ನಾನು ಅಲ್ಲಿಯವರೆಗೆ ಹೋಗುತ್ತಿದ್ದೆ, ಕೊನೆಯ ಹಿಡಿಕೆಯ ಮುಖ ನೋಡುತ್ತಿದ್ದೆ, ಹತ್ತಿದ ಹಾಗೇ ಒಂದೊಂದೇ ಹಿಡಿಕೆ ಹಿಡಿದು ಇಳಿದು ಬರುತ್ತಿದ್ದೆ. ಎಷ್ಟೋ ಭಾನುವಾರ ಹೀಗೇ ಹೋದವು.

"ಟೀಚರ್, ನಿಮಗ ಹತ್ತಾಕ ಬರ್ತೈತ್ರಿ. ಬೀಳಾಕ ಬರೂದಿಲ್ಲ ನೋಡ್ರಿ" ಎಂದಳು ಸಹನಾ ಒಂದು ದಿನ. "ಒಮ್ಮೆ ಬೀಳ್ರಿ. ಬಿದ್ದ್ರ ಏನಾಗ್ತೈತಿ, ನಾ ಹಗ್ಗ ಹಿಡದೇನಲ್ಲ."

ಅವಳು ಎಷ್ಟು ಸಲೀಸಾಗಿ ಆ ಮಾತು ಆಡಿದಳು ಎಂದರೆ ನನಗೆ ಮೈ ಬಿಸಿಯಾಯಿತು. ನಿಮಗೆ ಇದು ವಿಚಿತ್ರ ಅನ್ನಿಸಬಹುದು. ನಾನು ಬೆಳೆದ ಮನೆಯಲ್ಲಿ ಆ ಮಾತನ್ನು ಯಾರೂ ಆಡುತ್ತಿರಲಿಲ್ಲ.

ನನ್ನ ಅಪ್ಪ ಉಮ್ಮಚಗಿ ಸೀಮೆಯಲ್ಲಿ ಕೊನೆಗೌಡ. ಅಡಿಕೆ ಗೊಂಚಲಿಗೆ ನಮ್ಮಲ್ಲಿ ಕೊನೆ ಎನ್ನುತ್ತಾರೆ, ಮರ ಹತ್ತಿ ಅದನ್ನು ಕೊಯ್ಯುವವನಿಗೆ ಕೊನೆಗೌಡ. ಈಗೇನೋ ನೆಲದ ಮೇಲೇ ನಿಂತು ಉದ್ದನೆಯ ಫೈಬರ್ ದೋಟಿಯಲ್ಲಿ ಕೊಯ್ಯುವವರು ಬಂದಿದ್ದಾರೆ. ಆಗ ಹಾಗಲ್ಲ. ಕಾಲಿಗೆ ಹಗ್ಗದ ಬಳೆ ಸಿಕ್ಕಿಸಿ, ಸೊಂಟಕ್ಕೆ ಕತ್ತಿ ಕಟ್ಟಿ ಒಂದು ಮರ ಹತ್ತಿದ ಅಪ್ಪ, ಮರವನ್ನು ತೂಗಿಸಿ ಪಕ್ಕದ ಮರ ಹಿಡಿದು ದಾಟಿಬಿಡುತ್ತಿದ್ದ. ಬೆಳಿಗ್ಗೆ ಹತ್ತಿದವನು ನಡುಹೊತ್ತಿನ ಆಸರಿಗೆಯ ಚಹಾ ಕುಡಿಯುವ ಹೊತ್ತಿಗೆ ತೋಟದ ಇನ್ನೊಂದು ಮೂಲೆಯಲ್ಲಿ ಇಳಿಯುತ್ತಿದ್ದ. ಅಂಥವನ ಮನೆಯಲ್ಲಿ 'ಬೀಳು' ಎಂಬ ಮಾತಿಗೆ ಜಾಗ ಇರುವುದಾದರೂ ಹೇಗೆ? ನಮ್ಮಲ್ಲಿ ಕೈಜಾರಿದ ಲೋಟ ಇಳಿಯುತ್ತಿತ್ತು. ಮಳೆ ಬರುತ್ತಿತ್ತು. ನಡೆಯಲು ಕಲಿಯುತ್ತಿದ್ದ ನನ್ನ ತಮ್ಮ ಮುಗ್ಗರಿಸಿದರೆ ಅವನು ಕೂತ ಎನ್ನುತ್ತಿದ್ದೆವು, ಹಣೆ ಊದಿಕೊಂಡಿದ್ದರೂ ಸರಿಯೇ. ಬಂದ ನೆಂಟರು ಯಾರಾದರೂ ಗೊತ್ತಿಲ್ಲದೆ ಆ ಮಾತು ಆಡಿದರೆ ಅವ್ವ ಸುಮ್ಮನೆ ಎದ್ದು ಹೋಗಿ, ಉರಿಯುವ ಒಲೆಗೆ ಒಂದು ಚಿಟಿಕೆ ಉಪ್ಪು ಹಾಕಿ ಬರುತ್ತಿದ್ದಳು. ಉಪ್ಪು ಚಟಪಟ ಸಿಡಿದರೆ ಮಾತು ಸುಟ್ಟುಹೋಯಿತು ಎಂದು ಅರ್ಥ.

ಕನ್ನಡ ಶಾಲೆಯಲ್ಲಿ ಮಾಸ್ತರು ನನ್ನ ಕೈಲಿ ಪಾಠ ಓದಿಸಿದರು. 'ಮರದಿಂದ ಹಣ್ಣು ಬಿದ್ದಿತು' ಎಂದಿತ್ತು. ನಾನು 'ಮರದಿಂದ ಹಣ್ಣು ಇಳಿಯಿತು' ಎಂದು ಓದಿದೆ. ಮಾಸ್ತರು ಮತ್ತೆ ಓದಲು ಹೇಳಿದರು. ಮತ್ತೂ ಇಳಿಸಿದೆ. ಕೈ ಚಾಚು ಎಂದು ಕೋಲಿನಿಂದ ಒಂದು ಕೊಟ್ಟರು. ಮನೆಗೆ ಬಂದು ಅವ್ವನಿಗೆ ಅಂಗೈ ತೋರಿಸಿದರೆ ಅವಳು ಅದಕ್ಕೆ ಎಣ್ಣೆ ಹಚ್ಚುತ್ತಾ, "ಇಳಿತು ಅಂದ್ಯಲ್ಲ, ಅಷ್ಟು ಸಾಕು" ಎಂದಳು. ಅಂಥ ಹೆಂಗಸಿನ ಮಗಳು ನಾನು.

ಅವ್ವನ ಅಂಗೈ ಬಗ್ಗೆ ಹೇಳಬೇಕು. ಮರದ ಮೇಲೆ ಕೊಯ್ದ ಗೊಂಚಲನ್ನು ಸುಮ್ಮನೆ ಎಸೆದರೆ ಅಡಿಕೆಯೆಲ್ಲ ಚೆಲ್ಲಾಪಿಲ್ಲಿ. ಅದಕ್ಕೇ ಕೊನೆಗೌಡ ಮೇಲಿನಿಂದ ಒಂದು ಹಗ್ಗ ಬಿಟ್ಟಿರುತ್ತಾನೆ. ಕೆಳಗೆ ಸ್ವಲ್ಪ ದೂರದಲ್ಲಿ ಒಬ್ಬರು ಅದರ ತುದಿಯನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಗೊಂಚಲು ಹಗ್ಗದಗುಂಟ ಜಾರುತ್ತಾ ಬಂದು ಅವರ ಕೈ ಸೇರುತ್ತದೆ. ಸಾಮಾನ್ಯವಾಗಿ ಅದು ಗಂಡಸರ ಕೆಲಸ. ಅಪ್ಪನ ಜೊತೆ ಹಗ್ಗ ಹಿಡಿಯುತ್ತಿದ್ದವನು ಒಂದು ವರ್ಷ ಕೆಲಸ ಬಿಟ್ಟು ಹೋದ. ಕೊಯ್ಲು ಕಾಯುವುದಿಲ್ಲವಲ್ಲ. ಅವ್ವ ಸೆರಗು ಕಟ್ಟಿ ನಿಂತಳು. ತೋಟದವರು ಹುಬ್ಬೇರಿಸಿದರು, ಆಮೇಲೆ ಸುಮ್ಮನಾದರು. ಅಲ್ಲಿಂದ ಅಪ್ಪ ಮರ ಹತ್ತುವುದನ್ನು ಬಿಡುವವರೆಗೂ ಹಗ್ಗ ಅವಳ ಕೈಯಲ್ಲೇ ಇತ್ತು.

ಮೇಲಿನಿಂದ ಅಪ್ಪ "ಕೂ" ಎನ್ನುತ್ತಿದ್ದ. ಗೊಂಚಲು ಸಿದ್ಧವಾಗಿದೆ ಎಂದು ಅರ್ಥ. ಕೆಳಗಿನಿಂದ ಅವ್ವ "ಹಿಡ್ದೆ, ಬಿಡ್ಲಿ" ಎನ್ನುತ್ತಿದ್ದಳು. ಗಂಡನ ಹೆಸರು ಹಿಡಿಯುವ ಹಾಗಿಲ್ಲ, 'ಬಿಡು' ಎಂಬ ಏಕವಚನವೂ ಇಲ್ಲ, ಅದಕ್ಕೆ ಈ ಉಪಾಯ. ನಾನು ಸುತ್ತಮುತ್ತ ಉದುರಿದ ಅಡಿಕೆ ಹೆಕ್ಕುತ್ತಾ ಇರುತ್ತಿದ್ದೆ. ದಿನವಿಡೀ ಅದೇ ಎರಡು ದನಿ. ಕೂ. ಹಿಡ್ದೆ, ಬಿಡ್ಲಿ. ಒಂದು ವಿಷಯ ಮಾತ್ರ ನನಗೆ ಆಗಲೇ ಬೆರಗು ಹುಟ್ಟಿಸಿತ್ತು. ಅವ್ವ ಹಗ್ಗವನ್ನು ನೋಡುತ್ತಿದ್ದಳು, ಬರುವ ಗೊಂಚಲನ್ನು ನೋಡುತ್ತಿದ್ದಳು, ಅಪ್ಪನನ್ನು ಮಾತ್ರ ಒಮ್ಮೆಯೂ ತಲೆಯೆತ್ತಿ ನೋಡುತ್ತಿರಲಿಲ್ಲ. ಸಂಜೆ ಅವಳ ಅಂಗೈಯಲ್ಲಿ ಅಡ್ಡಕ್ಕೆ ಒಂದು ಕೆಂಪು ಗೆರೆ ಇರುತ್ತಿತ್ತು. ಎಷ್ಟು ಎಣ್ಣೆ ಹಚ್ಚಿದರೂ ಅದು ಹೋಗುತ್ತಿರಲಿಲ್ಲ. ಅವ್ವ ತೀರಿಕೊಂಡು ಈಗ ಕೆಲವು ವರ್ಷಗಳಾದವು, ಜ್ವರ ಬಂದು ಮಲಗಿದವಳು ಏಳಲಿಲ್ಲ. ಕೊನೆಯ ದಿನ ಅವಳ ಕೈ ಹಿಡಿದು ಕೂತಾಗಲೂ ನನ್ನ ಬೆರಳಿಗೆ ಆ ಗೆರೆ ಸಿಕ್ಕಿತು.

ಇದನ್ನೆಲ್ಲ ಸಹನಾಗೆ ಹೇಗೆ ಹೇಳಲಿ? "ಭುಜ ಸ್ವಲ್ಪ ನೋವು" ಎಂದು ಏನೋ ಹೇಳಿ ಇಳಿದು ಬರುತ್ತಿದ್ದೆ. ಹಳದಿ ದಾರಿಯ ಆ ಕೊನೆಯ ಹಿಡಿಕೆ ಮಾತ್ರ ನನ್ನ ನಿದ್ದೆಯಲ್ಲೂ ಬರತೊಡಗಿತು. ಕ್ಲಾಸಿನಲ್ಲಿ ಪ್ರಮೇಯ ಬರೆಯುತ್ತಾ ಬೋರ್ಡಿನ ಮೇಲ್ತುದಿಗೆ ಕೈ ಚಾಚಿದರೆ ಅದೇ ನೆನಪು.

ಈ ನಡುವೆ ಅಪ್ಪ ಮೊಣಕಾಲಿನ ಔಷಧಿಗೆಂದು ಶಿರಸಿಗೆ ಬಂದ. ತಮ್ಮನ ಜೊತೆ ಊರಲ್ಲಿರುವವನು, ಇಲ್ಲಿ ನನ್ನ ಮನೆಯಲ್ಲಿ ಒಂದಷ್ಟು ದಿನ ಉಳಿದ. ಮೊದಲ ಭಾನುವಾರವೇ ಸಿಕ್ಕಿಬಿದ್ದೆ.

"ಎಲ್ಲಿಗೆ ಹೊರಟ್ಯೇ ತಂಗಿ?" ಎಂದು ಕೇಳಿದ. ನಮ್ಮ ಕಡೆ ಮಗಳನ್ನು ಮುದ್ದಿನಿಂದ ಹಾಗೇ ಕರೆಯುವುದು, ಎಷ್ಟು ವಯಸ್ಸಾದರೂ ಅಪ್ಪನಿಗೆ ನಾನು ತಂಗಿಯೇ.

"ಗೋಡೆ ಹತ್ತುಕೆ ಅಪ್ಪಾ."

"ಯಾರ ಮನೆ ಗೋಡೆ?"

ಗಿರಣಿಯ ವಿಷಯ ಹೇಳಿದೆ. ಅಪ್ಪ ಎಲೆಯಡಿಕೆಯ ಕವಳ ಜಗಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡ.

"ಹತ್ತಿದ್ರೆ ಮೇಲೆ ಎಂತ ಸಿಕ್ತದೆ?"

"ಎಂತೂ ಇಲ್ಲ. ಒಂದು ಗಂಟೆ ಅದೆ. ಬಾರಿಸಿ ಇಳಿಯೂದು."

"ಕೂಲಿ?"

"ನಾವೇ ದುಡ್ಡು ಕೊಡಬೇಕು ಅಪ್ಪಾ."

ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. ಎದ್ದು ಹೋಗಿ ಕವಳ ಉಗಿದು ಬಂದು ಕೂತ. "ನಾ ಹತ್ತಿದ್ದು ಸಾಕಾಗ್ಲಿಲ್ಲನಾ ತಂಗಿ?" ಎಂದ.

ಆ ದಿನ ನಾನು ಹೋಗಲಿಲ್ಲ. ನನಗೆ ನಿಜಕ್ಕೂ ಅಳು ಬಂದಿತ್ತು. ನಾವು ಯಾರೂ ಮರ ಹತ್ತಬಾರದು ಎಂದೇ ಅಪ್ಪ ಅಷ್ಟು ಮರ ಹತ್ತಿದವನು. ತಮ್ಮ ಸಣ್ಣವನಿದ್ದಾಗ ಪೇರಲೆ ಮರದ ಮೊದಲ ಕವೆಯಲ್ಲಿ ಕೂತದ್ದಕ್ಕೆ, ಯಾವತ್ತೂ ಕೈ ಎತ್ತದ ಅಪ್ಪ ಅವನಿಗೆ ಬಾರಿಸಿದ್ದ. ಈಗ ನೋಡಿದರೆ ಮಗಳು, ಸರಕಾರಿ ಸಂಬಳದ ಟೀಚರು, ಹುರುಪಿನಿಂದ ಗೋಡೆ ಹತ್ತಲು ಹೊರಟಿದ್ದಾಳೆ. ನಾನು ಅಪ್ಪನ ಜಾಗದಲ್ಲಿದ್ದರೆ ಇದಕ್ಕಿಂತ ಜಾಸ್ತಿ ಬೈಯುತ್ತಿದ್ದೆ.

ಸಂಜೆ ಅಪ್ಪನ ಮೊಣಕಾಲಿಗೆ ಎಣ್ಣೆ ತಿಕ್ಕುವಾಗ ಅವನೇ ಮಾತು ತೆಗೆದ. "ಎಂತಕೆ ಹತ್ತೂದು, ಹೇಳು ನೋಡ್ವ."

ನನಗೇ ಗೊತ್ತಿರದ ಉತ್ತರ ಬಾಯಿಗೆ ಬಂತು. "ನೀ ಕೂ ಅಂತಿದ್ಯಲ್ಲ, ಅಲ್ಲಿಂದ ನೆಲ ಹ್ಯಾಂಗೆ ಕಾಣ್ತದೆ ಅಂತ ನೋಡಬೇಕಾಗಿತ್ತು ಅಪ್ಪಾ. ಸಣ್ಣವಳಿದ್ದಾಗಿಂದ."

ಅಪ್ಪ ಕಾಲು ನೀಡಿಕೊಂಡು ಯೋಚಿಸಿದ. "ಕಾಣೂದು ಎಂತೂ ಇಲ್ಲ. ನಿನ್ನವ್ವನ ಬೈತಲೆ ಕಾಣ್ತಿತ್ತು, ಅಷ್ಟೇ" ಎಂದ. ಆಮೇಲೆ ಎಣ್ಣೆ ಹಚ್ಚಿದ ಕಾಲನ್ನು ಮಡಿಸಿ ನೋಡಿಕೊಂಡು, "ಮುಂದಿನ ವಾರ ನಾನೂ ಬತ್ತೆ. ಆದ್ರೆ ನೋಡೂದಿಲ್ಲ" ಎಂದ.

ಹೀಗೆ ನನ್ನ ಹಳದಿ ದಾರಿಗೆ ಅಪ್ಪನೂ ಸೇರಿಕೊಂಡ. ಇನ್ನು ನಾನು ಸುಮ್ಮನೆ ಹತ್ತಿದರೆ ಸಾಲದು. ಅಪ್ಪನ ಎದುರು ಹತ್ತಿ, ಅಪ್ಪನ ಎದುರು ಸುಖವಾಗಿ ಇಳಿದು ಬರಬೇಕು. ಇಲ್ಲದಿದ್ದರೆ ಆ ಮುದುಕ ಹೊಟ್ಟೆಯೊಳಗೆ ಒಂದು ಹೊಸ ಹೆದರಿಕೆ ಇಟ್ಟುಕೊಂಡು ಊರಿಗೆ ಹೋಗುತ್ತಾನೆ. ವಾರವಿಡೀ ನನಗೆ ಅದೇ ಚಿಂತೆ.

ಮೊನ್ನೆ ಭಾನುವಾರ ಹೋದೆವು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ, ಮದುವೆ ಮನೆಗೆ ಹೊರಟವನ ಹಾಗೆ. ಗಿರಣಿಯೊಳಗೆ ಬಂದವನು ಮೊದಲು ಗೋಡೆಯ ಹತ್ತಿರ ಹೋಗಿ ಹಿಡಿಕೆಗಳನ್ನು ಒಂದೊಂದಾಗಿ ಮುಟ್ಟಿ ಅಲ್ಲಾಡಿಸಿದ. "ಹಲಸಿನ ಬೇಳೆ ಅಂಟ್ಸಿದಂಗೆ ಅದೆ" ಎಂದ. ಆಮೇಲೆ ಅಪ್ಪನಿಗೆ ಹಳೆಯ ಹುರುಪು ಬಂತು. "ನೀ ಗೋಡೆನ ತಬ್ಕೊಳ್ಳೂದಿಲ್ಲ, ಅದಕ್ಕೇ ಆಗೂದಿಲ್ಲ. ಎದೆ ತಾಗಿಸಿ ತಬ್ಕೊ" ಎಂದು ಕಲಿಸಿದ. ನಾನು ವಿಧೇಯಳಾಗಿ ತಬ್ಬಲು ಹೋದೆ. ಅಡಿಕೆ ಮರವೇನೋ ತಬ್ಬಿಗೆ ಸಿಗುತ್ತದೆ, ಗಿರಣಿಯ ಗೋಡೆಯನ್ನು ತಬ್ಬುವುದು ಹೇಗೆ? ಮೂಗು ಜಜ್ಜಿಕೊಂಡು ವಾಪಸು ಬಂದೆ. ಸಹನಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಇದು ಬೇರೆ ನಮೂನಿ ಅದೆ" ಎಂದು ಅಪ್ಪ ಒಪ್ಪಿಕೊಂಡು ಹಿಂದೆ ಸರಿದ.

ಸಹನಾ ನನ್ನ ಸೊಂಟದ ಪಟ್ಟಿಗೆ ಹಗ್ಗ ಕಟ್ಟುವಾಗ ಮಾತ್ರ ಅಪ್ಪ ಹತ್ತಿರ ಬಂದು ಗಂಟು ನೋಡಿದ. ಹಗ್ಗ ಮೇಲಿನ ರಾಟೆಯಲ್ಲಿ ಹಾದು ಸಹನಾಳ ಕೈಗೆ ಇಳಿದದ್ದನ್ನು ನೋಡಿದ.

"ಇದು ಮನುಷ್ಯರಿಗೆ ಕಟ್ಟೂ ಹಗ್ಗನಾ?" ಎಂದು ಕೇಳಿದ.

"ಹೌದ್ರಿ ಅಜ್ಜಾರ."

"ನಮ್ಮಲ್ಲಿ ಅಡಿಕೆಗೆ ಮಾತ್ರ ಇತ್ತು" ಎಂದ ಅಪ್ಪ. ದೂರುವ ದನಿಯಲ್ಲೇನೂ ಹೇಳಲಿಲ್ಲ, ಇದ್ದದ್ದನ್ನು ಹೇಳಿದ. ಸಹನಾ ತನ್ನ ಹಿಂದೆ ನೆಲದ ಮೇಲೆ ಬಿದ್ದಿದ್ದ ಹಗ್ಗದ ತುದಿಯನ್ನು ಎತ್ತಿ ಅಪ್ಪನ ಕೈಗೆ ಕೊಟ್ಟಳು. "ಇದರ ಬಾಲ ನೀವು ಹಿಡ್ಕೋರಿ. ನನ್ನ ಕೈ ತಪ್ಪಿದ್ರ ನೀವದೀರಿ. ಕೈಗೆ ಮಾತ್ರ ಸುತ್ಕೋಬ್ಯಾಡ್ರಿ."

ಅಪ್ಪ ಹಗ್ಗ ಹಿಡಿದು, ಕಾಲು ಅಗಲಿಸಿ ನಿಂತ. ಜೀವಮಾನವೆಲ್ಲ ಹಗ್ಗದ ಮೇಲಿನ ತುದಿಯಲ್ಲಿದ್ದವನು ಕೆಳಗಿನ ತುದಿ ಹಿಡಿದದ್ದು ಅದೇ ಮೊದಲು.

ಹತ್ತಿದೆ. ಬಾಗಿದ ಜಾಗದವರೆಗೆ ಕೈಕಾಲು ತಾವಾಗಿಯೇ ಹೋದವು, ದಾರಿ ಅಷ್ಟು ಗುರುತಾಗಿತ್ತು. ಕೊನೆಯ ಹಿಡಿಕೆ ಎದುರಿಗೇ ಇದೆ. ಕೆಳಗೆ ನೋಡಬಾರದೆಂದು ಗೊತ್ತಿದ್ದೂ ನೋಡಿದೆ. ಹೇಳಿದ ಹಾಗೇ ಅಪ್ಪ ನನ್ನನ್ನು ನೋಡುತ್ತಿರಲಿಲ್ಲ. ತಲೆ ತಗ್ಗಿಸಿ ಕೈಯಲ್ಲಿನ ಹಗ್ಗವನ್ನೇ ನೋಡುತ್ತಿದ್ದ. ಅವನ ನೆತ್ತಿಯ ಬಿಳಿ ಕೂದಲು ಕಂಡಿತು. ಅವ್ವ ನಿಂತಿದ್ದ ರೀತಿ ಥೇಟ್ ಅದೇ. ಈಗಲೂ ಇಳಿದು ಹೋದರೆ ಇನ್ನೆಂದೂ ಇದು ನನ್ನಿಂದ ಆಗುವುದಿಲ್ಲ ಎನ್ನಿಸಿತು. ಕಾಲು ಒತ್ತಿದೆ, ಹಿಡಿತ ಬಿಟ್ಟೆ, ನೆಗೆದೆ.

ಸಿಗಲಿಲ್ಲ. ಬೆರಳ ತುದಿಗೆ ಹಳದಿ ತಾಗಿತು, ಜಾರಿತು. ಮರುಕ್ಷಣ ಹಗ್ಗ ಬಿಗಿದು, ನಾನು ಗಾಳಿಯಲ್ಲಿ ತೊಟ್ಟಿಲಿನ ಹಾಗೆ ತೂಗುತ್ತಿದ್ದೆ. ಕೆಳಗೆ ಅಪ್ಪನ ಮುಖ ಸುಣ್ಣದ ಹಾಗೆ ಬಿಳುಚಿತ್ತು. ಆಗ ಅವನ ಬಾಯಿಂದ ನಾನು ಹುಟ್ಟಿದಾಗಿನಿಂದ ಕೇಳದ ಮಾತು ಬಂತು.

"ಬಿದ್ಯಲ್ಲೇ ತಂಗಿ."

"ಬಿದ್ದೆ ಅಪ್ಪಾ" ಎಂದೆ. ನಾನೂ ಅಪ್ಪನೆದುರು ಆ ಮಾತು ಆಡಿದ್ದು ಅದೇ ಮೊದಲು.

"ಎಂತೂ ಆಗ್ಲಿಲ್ಲ?"

"ಎಂತೂ ಆಗ್ಲಿಲ್ಲ."

ಅಪ್ಪ ಕೈಯಲ್ಲಿನ ಹಗ್ಗ ನೋಡಿದ, ಮೇಲಿನ ರಾಟೆ ನೋಡಿದ, ನನ್ನನ್ನು ನೋಡಿದ. "ಎಂತೂ ಆಗ್ಲಿಲ್ಲ" ಎಂದು ತನಗೇ ಇನ್ನೊಮ್ಮೆ ಹೇಳಿಕೊಂಡ. ಸಹನಾ ನನ್ನನ್ನು ಕೆಳಗಿಳಿಸಿದಳು. ಇನ್ನು ಸಾಕು, ಮನೆಗೆ ನಡಿ ಎನ್ನುತ್ತಾನೆ ಎಂದು ನಾನು ಸೊಂಟದ ಪಟ್ಟಿಗೆ ಕೈ ಹಾಕಿದರೆ, ಅಪ್ಪ ಹಗ್ಗ ಬಿಟ್ಟಿರಲೇ ಇಲ್ಲ. "ಸ್ವಲ್ಪ ಸುಧಾರಿಸ್ಕೊ. ಇನ್ನೊಂದ್ಸಲ ಹತ್ತು" ಎಂದ.

ನೀರು ಕುಡಿದು, ಕೈಗೆ ಪುಡಿ ಹಚ್ಚಿಕೊಂಡು ಮತ್ತೆ ಹತ್ತಿದೆ. ಈ ಸಲ ಕೈ ಸೋತಿತ್ತು, ಆದರೆ ಒಳಗೆ ಯಾವುದೋ ಒಂದು ಗಂಟು ಸಡಿಲವಾಗಿತ್ತು. ಬಾಗಿದ ಜಾಗಕ್ಕೆ ಬಂದು ಕೆಳಗೆ ನೋಡಿದೆ. ಅಪ್ಪ ತಲೆ ಎತ್ತಿದ್ದ. ಬಾಯಿ ತೆರೆದುಕೊಂಡು, ಕಣ್ಣು ಕಿರಿದು ಮಾಡಿಕೊಂಡು, ನನ್ನನ್ನೇ ನೋಡುತ್ತಿದ್ದ. ನೆಗೆದೆ. ಹಳದಿ ಹಿಡಿಕೆ ನನ್ನ ಅಂಗೈಯೊಳಗೆ ಬಂದು ಕೂತಿತು. ಇನ್ನೊಂದು ಕೈಯೂ ಸೇರಿತು. ಕಾಲು ಗಾಳಿಯಲ್ಲಿ ಒದ್ದಾಡಿ ಗೋಡೆ ಹುಡುಕಿಕೊಂಡಿತು.

ಗಂಟೆ ಒಂದು ಮೊಳ ದೂರದಲ್ಲಿತ್ತು. ನನಗೆ ಅದರ ನೆನಪೇ ಆಗಲಿಲ್ಲ. ನನ್ನ ಗಂಟಲಿನಿಂದ, ನಾನು ಕರೆಯದೆಯೇ, ಒಂದು "ಕೂ" ಹೊರಟಿತು. ಗಿರಣಿಯ ತಗಡಿನ ಮಾಡಿಗೆ ಬಡಿದು ಅದು ನನಗೇ ಕೇಳಿಸಿತು. ಅಕ್ಕಪಕ್ಕದ ದಾರಿಗಳಲ್ಲಿದ್ದ ಹುಡುಗರು ತಿರುಗಿ ನೋಡಿದರು. ಕೆಳಗಿನಿಂದ ಅಪ್ಪ ಅವ್ವನ ಮಾತನ್ನೇ ಹೇಳಿದ.

"ಹಿಡ್ದೆ, ಬಿಡ್ಲಿ."

ಎರಡೂ ಕೈ ಬಿಟ್ಟೆ.

ಆಮೇಲೆ ಮೂವರೂ ಚಾಪೆಯ ಮೇಲೆ ಕೂತೆವು. ಅಪ್ಪ ಬೆರಳು ಬಿಡಿಸಲಾರದೆ ಬಿಡಿಸಿ ಅಂಗೈ ನೋಡಿಕೊಂಡ. ಹಗ್ಗವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೋ, ಅಡ್ಡಕ್ಕೆ ಒಂದು ಕೆಂಪು ಗೆರೆ ಮೂಡಿತ್ತು. ನಾನೂ ನೋಡಿದೆ. ಇಬ್ಬರಿಗೂ ಒಂದೇ ನೆನಪು ಬಂದದ್ದು ಎಂದು ಹೇಳಬೇಕಾಗಿರಲಿಲ್ಲ.

"ಮೇಲೆ ಇದ್ದವಂಗೆ ಎಂತೂ ಗೊತ್ತಾಗೂದಿಲ್ಲ ತಂಗಿ" ಎಂದ ಅಪ್ಪ. "ಅವನಿಗೆ ಮುಂದಿನ ಮರ, ಮುಂದಿನ ಕೊನೆ, ಅಷ್ಟೇ. ಹೆದ್ರಿಕೆ ಪೂರಾ ಕೆಳಗೆ ಇದ್ದವಳಿಗೆ. ಅದೂ ನನ್ನ ಹಿಡಿಯೂ ಹಗ್ಗ ಅಲ್ಲ, ಬರೀ ಅಡಿಕೆ ಹಗ್ಗ. ಅದನ್ನೇ ಹಿಡ್ಕಂಡು ಅಷ್ಟು ವರ್ಷ ಹ್ಯಾಂಗೆ ನಿಂತ್ಲೋ. ಒಂದು ದಿನನೂ ಹೇಳ್ಲಿಲ್ಲ."

ಅಪ್ಪ ಅತ್ತ. ನಾನೂ ಅತ್ತೆ. ಸಹನಾ ಎದ್ದು ಹೋಗಿ ನಮಗೆ ಚಹಾ ತಂದಳು.

ನಾಳೆ ಅಪ್ಪ ಯಲ್ಲಾಪುರದ ಬಸ್ಸು ಹತ್ತುತ್ತಾನೆ. ಅದಕ್ಕೇ ಇವತ್ತು ಅವನಿಗಿಷ್ಟವಾದ ಚಪಾತಿ, ಬದನೆಕಾಯಿ ಪಲ್ಯ. ಬೆಳಿಗ್ಗೆ ಅಪ್ಪ ಊರಿಗೆ ಹೊರಟದ್ದನ್ನು ಸಹನಾಗೆ ಹೇಳಿ ಬರಲು ಇಬ್ಬರೂ ಗಿರಣಿಗೆ ಹೋದಾಗ ಇನ್ನೊಮ್ಮೆ ಹತ್ತಿ, ಗಂಟೆಯನ್ನೂ ಬಾರಿಸಿ ಬಂದೆ. ಅಪ್ಪ ಹಗ್ಗದ ಬಾಲ ಹಿಡಿದೇ ಹಿಡಿದ. ಅವನಿಗೂ ಈಗ ಬೆರಳ ಸಂದಿಯಲ್ಲಿ ಬಿಳಿ ಪುಡಿ ಇದೆ.

ಹಿಟ್ಟಿಗೆ ನೀರು ಹಾಕಲು ಲೋಟ ಎತ್ತಿದೆ. ಎರಡೆರಡು ಸಲ ಸೋಪು ಹಚ್ಚಿದ ಬೆರಳಲ್ಲಿ ಇನ್ನೂ ನುಣುಪಿತ್ತೋ ಏನೋ, ಸ್ಟೀಲಿನ ಲೋಟ ಜಾರಿ ಠಣಠಣ ಎಂದು ಅಡುಗೆಮನೆಯ ಮೂಲೆಯವರೆಗೂ ಉರುಳಿತು.

ಜಗಲಿಯಿಂದ ಅಪ್ಪನ ದನಿ ಕೇಳಿತು. "ಎಂತ ಬಿತ್ತೇ ತಂಗಿ?"

"ಲೋಟ ಬಿತ್ತು ಅಪ್ಪಾ."

"ಬಿದ್ರೆ ಬೀಳ್ಲಿ ಬಿಡು" ಎಂದ ಅಪ್ಪ.

ಹಳೆಯ ಅಭ್ಯಾಸ, ನನ್ನ ಕೈ ಆಗಲೇ ಉಪ್ಪಿನ ಡಬ್ಬಿಯೊಳಗಿತ್ತು. ತೆಗೆದ ಚಿಟಿಕೆಯನ್ನು ಒಲೆಗೆ ಹಾಕದೆ ಹಿಟ್ಟಿಗೆ ಹಾಕಿ ಕಲಸಿದೆ.